ಮೂರನೇ ಜ್ವರಕ್ಕೆ ನಿಂತ ಪ್ರಬಂಧ

ಗೊತ್ತಿಲ್ಲದ ವಿಷಯಗಳು ನನಗೆ ಎಂದೂ ತೊಂದರೆ ಕೊಟ್ಟಿಲ್ಲ. ಗೊತ್ತಿಲ್ಲ ಎಂದು ಹೇಳಿ ಮುಂದಕ್ಕೆ ಹೋಗಿಬಿಡಬಹುದು. ನನ್ನನ್ನು ಪರೀಕ್ಷೆಯಲ್ಲಿ ಕೆಡವಿದ್ದು ಚೆನ್ನಾಗಿ ಗೊತ್ತಿದ್ದ ವಿಷಯ.

ಹತ್ತನೇ ತರಗತಿಯಲ್ಲಿದ್ದಾಗ ಅಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಸಮೇತ ಬದುವಿನಿಂದ ಜಾರಿ ಕಾಲು ಮುರಿದುಕೊಂಡರು. ರೇಷ್ಮೆ ಹುಳುಗಳಿಗೆ ಯಾರ ಕಾಲಿನ ಚಿಂತೆಯೂ ಇಲ್ಲ, ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಪರೀಕ್ಷೆ ಬಿಟ್ಟು ಹುಳುಮನೆ ಹೊಕ್ಕೆ. ಶಾಲೆಯಲ್ಲಿ ನೋಟ್ಸು ಬರೆಯಲು ಗೋಳಾಡುತ್ತಿದ್ದವಳು ಅಲ್ಲಿ ದಿನಾಂಕ ಹಾಕಿ ಡೈರಿ ಬರೆಯತೊಡಗಿದೆ. ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ಅಲುಗಾಡದೆ ಮಲಗುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಯಾವತ್ತು ಜ್ವರಕ್ಕೆ ಕೂತವು, ಯಾವತ್ತು ಎದ್ದವು, ಯಾವತ್ತು ಅವ್ವ ನನ್ನ ಕಣ್ಣು ತಪ್ಪಿಸಿ ಸಾರಿಗೆ ಒಗ್ಗರಣೆ ಹಾಕಿದಳು, ಎಲ್ಲ ದಾಖಲು. ಹುಳುಗಳಿಗೆ ಘಾಟು ಆಗದು, ಅವು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. "ಇವ್ಳು ಹುಳ ಸಾಕ್ತಾವ್ಳೋ, ಪೊಲೀಸ್ ಕೆಲ್ಸ ಮಾಡ್ತಾವ್ಳೋ!" ಎಂದು ಅವ್ವ ಗೊಣಗುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ನನ್ನದೇ ಒಂದು ಚಾಕಿ ಕೇಂದ್ರ ತೆರೆಯುವ ಆಸೆ ಹುಟ್ಟಿತು. ಮರಿಹುಳುಗಳನ್ನು ಎರಡನೇ ಜ್ವರದ ತನಕ ಸಾಕಿ ರೈತರಿಗೆ ಕೊಡುವ ಜಾಗ ಅದು. ತರಬೇತಿಗೆ ಹತ್ತನೇ ತರಗತಿ ಪಾಸಾಗಿರಬೇಕು ಎಂದರು. ಸರಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿದೆ. ಯಾವ ಪ್ರಶ್ನೆಗೆ ಎಷ್ಟು ಹೊತ್ತು ಎಂದು ಮೊದಲೇ ಹಂಚಿಕೊಂಡೆ. ಪ್ರಬಂಧಕ್ಕೆ ಹದಿನೈದು ನಿಮಿಷ.

ರಾಮನಗರದಲ್ಲಿ ಕನ್ನಡ ಪತ್ರಿಕೆ ಕೈಗೆ ಬಂದಾಗ ನೋಡುತ್ತೇನೆ, ಪ್ರಬಂಧಕ್ಕೆ ಕೊಟ್ಟಿರುವ ವಿಷಯಗಳಲ್ಲಿ ಒಂದು ರೇಷ್ಮೆ ಕೃಷಿ! ಅಲ್ಲಿಂದಲೇ ಶುರುಮಾಡಿದೆ. ಮೊಟ್ಟೆ ಒಡೆಸಿದೆ, ಎಳೆ ಸೊಪ್ಪು ಹೆಚ್ಚಿ ಹಾಕಿದೆ, ಸುಣ್ಣದ ಪುಡಿ ಉದುರಿಸಿದೆ. ಜ್ವರಕ್ಕೆ ಕೂತ ಹುಳುಗಳನ್ನು ಬಿಟ್ಟು ವ್ಯಾಕರಣದ ಕಡೆ ಹೋಗಲು ಮನಸ್ಸು ಒಪ್ಪಲಿಲ್ಲ. ಇನ್ನೊಂದು ಹಾಳೆ ಕೇಳಿದಾಗ ಮೇಲ್ವಿಚಾರಣೆಯ ಮೇಡಂ, "ಪರವಾಗಿಲ್ವೇ, ಚೆನ್ನಾಗಿ ಓದ್ಕೊಂಡ್ ಬಂದಿದ್ದೀಯ" ಎಂದು ಬೆನ್ನು ಬೇರೆ ತಟ್ಟಿದರು. ಉಳಿದ ಪ್ರಶ್ನೆಗಳ ಮುಖ ನೋಡುವ ಮೊದಲೇ ಗಂಟೆ ಹೊಡೆಯಿತು.

ಮನೆಗೆ ಬಂದರೆ ಅಪ್ಪ ಜಗಲಿಯಲ್ಲೇ ಕಾಯುತ್ತಿದ್ದರು. "ಎಲ್ಲೀಗಂಟ ಬರ್ದೆ? ಗೂಡು ಕಟ್ಟಿದ್ವಾ?"

"ಇಲ್ಲ ಕಣಪ್ಪ. ಮೂರನೇ ಜ್ವರ ಎದ್ದಿದ್ವು, ಅಷ್ಟ್ರಲ್ಲಿ ಬೆಲ್ ಹೊಡ್ದ್‌ಬುಟ್ರು."

"ಅಯ್ಯೋ, ಸೊಪ್ಪು ಹಾಕ್ದೆ ಬಂದ್‌ಬುಟ್ಯಾ?"

ಫಲಿತಾಂಶ ಬಂತು. ಮಿಕ್ಕೆಲ್ಲದರಲ್ಲೂ ಪಾಸು, ಕನ್ನಡ ಒಂದರಲ್ಲಿ ಫೇಲು. ಅವ್ವನಿಗೆ ನಂಬಿಕೆಯೇ ಬರಲಿಲ್ಲ. "ಲೆಕ್ಕದಲ್ಲಿ ಪಾಸಾಗಿ ಕನ್ನಡದಲ್ಲಿ ಡುಮ್ಕಿನಾ? ಹುಟ್ದಾಗ್ನಿಂದ ಬಾಯಿ ಮುಚ್ದೋಳಲ್ವಲ್ಲಮ್ಮಿ ನೀನು! ಈ ಸಲ ಒಸಿ ಗೊತ್ತಿಲ್ದಿರೋ ವಿಷ್ಯ ಆರಿಸ್ಕೊ, ಬೇಗ ಮುಗೀತದೆ."

ಮರುಪರೀಕ್ಷೆ ಹತ್ತಿರ ಬಂದಿದೆ. ಅಭ್ಯಾಸಕ್ಕೆಂದೇ ಗಡಿಯಾರ ಎದುರಿಗಿಟ್ಟುಕೊಂಡು ಇದನ್ನು ಬರೆಯಲು ಕೂತೆ. ಹದಿನೈದು ನಿಮಿಷ ಯಾವಾಗಲೋ ಕಳೆದುಹೋಗಿದೆ. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬರುತ್ತಿದೆ, ಹುಳುಮನೆಯಿಂದ ಅಪ್ಪ ಕೂಗುತ್ತಿದ್ದಾರೆ, "ಅಮ್ಮೀ, ಹುಳ ಎದ್ದವೆ, ಸೊಪ್ಪು ತತ್ತಾ!" ನಾನಿನ್ನೂ ಪೀಠಿಕೆಯಲ್ಲೇ ಇದ್ದೇನೆ.