ಪದರ ಹಲಗೆಯ ಹಸೆಮಣೆ

ಟೀ ಪೆಟ್ಟಿಗೆಯ ಹಲಗೆಯನ್ನು ನೀವು ಒಡೆದು ನೋಡಿದ್ದೀರಾ? ನಾನು ನೋಡಿದ್ದೆ. ಕೊಡಗಿನ ಕಡೆಯಿಂದ ಹುಣಸೂರಿಗೆ ಬಂದಿದ್ದ ಖಾಲಿ ಪೆಟ್ಟಿಗೆ ಅದು. ಕಾಗದದಷ್ಟು ತೆಳ್ಳಗೆ ಸೀಳಿದ ಮರವನ್ನು ಪದರದ ಮೇಲೆ ಪದರವಾಗಿ ಅಂಟಿಸಿದ್ದರು. ಎತ್ತಿದರೆ ಹಗುರ, ಮುರಿಯಲು ಹೋದರೆ ಕೊಡಲಿಯೇ ಬೇಕು! ನಮ್ಮೂರು ಕಟ್ಟೆಮಳಲವಾಡಿಯ ಜನಕ್ಕೆ ಈ ವಿದ್ಯೆಯನ್ನು ತೋರಿಸುವ ಭಾರ ನನ್ನ ಮೇಲಿದೆ ಎಂದು ಆ ಕ್ಷಣವೇ ಮನವರಿಕೆಯಾಯಿತು.

ಸಂದರ್ಭವೂ ಒದಗಿತು. ಚುಂಚನಕಟ್ಟೆಯಲ್ಲಿದ್ದ ನನ್ನ ತಂಗಿಯ ಮಗಳು ಕೆಂಪಿಗೆ ಮದುವೆ. ತಂಗಿಯ ಗಂಡ ತೀರಿಕೊಂಡಿದ್ದ. ಬಲು ಕಷ್ಟದಿಂದ ಕೂಡಿಬಂದ ಸಂಬಂಧ. "ಅಣ್ಣಯ್ಯ, ಅವ್ವನ ಅಸೆಮಣೆ ತಂದ್ಬುಡು. ಇನ್ನೇನೂ ಬ್ಯಾಡ" ಎಂದಿದ್ದಳು. ಅದು ಹಲಸಿನ ಮಣೆ, ಎತ್ತಲು ಇಬ್ಬರು ಬೇಕು. ಸೋದರಮಾವನಾದವನು ಅಷ್ಟಕ್ಕೇ ನಿಲ್ಲಬಹುದೇ? ಗಂಡು ಹೆಣ್ಣು ಜೊತೆಯಾಗಿ ಕೂರುವಂಥ, ಬೆನ್ನಿಗೆ ಒರಗು ಇರುವ, ಮೇಲೆ ಬೀಟೆಮರದ ತೆಳು ಪದರ ಹೊದಿಸಿದ ಹಸೆಮಣೆಯನ್ನು ಪದರ ಹಲಗೆಯಲ್ಲಿ ನಾನೇ ಮಾಡಿದೆ. ಬಡಗಿಗಳು ಬಳಸುವುದು ದನದ ಚರ್ಮ ಕುದಿಸಿ ತೆಗೆದ ಅಂಟು. ಮಂಗಳಕಾರ್ಯಕ್ಕೆ ಅದು ಸಲ್ಲದೆಂದು ಹುಣಸೆಬೀಜ ಅರೆದು, ಕುದಿಸಿ, ಪದರ ಪದರಕ್ಕೂ ಬಳಿದೆ.

"ಅತ್ತೆಮ್ಮನ ಮಣೆಗೆ ಏನಾಗಿತ್ತು ಅಂತೀನಿ?" ಎಂದಳು ಹೆಂಡತಿ.

"ನಿಂಗೊತ್ತಾಗಕಿಲ್ಲ ಬುಡು" ಎಂದು ಅದರ ಮೇಲೆ ಹತ್ತಿ ಕುಣಿದು ತೋರಿಸಿದೆ. ಮಣೆ ಮಿಸುಕಲಿಲ್ಲ!

ಮದುವೆಯ ದಿನ ಚಪ್ಪರದಲ್ಲಿ ಎಲ್ಲರ ಕಣ್ಣೂ ಮಣೆಯ ಮೇಲೆ. ಮಹಾರಾಜರು ಅರಮನೆಗೆ ಕರೆಸಿದರೆ ಯಾವ ಪೇಟ ಸುತ್ತಿಕೊಳ್ಳಲಿ ಎಂದು ಯೋಚಿಸುತ್ತ, ಕಂಬಕ್ಕೆ ಒರಗಿ ವಿನಯದಿಂದ ನಿಂತಿದ್ದೆ. ಆಗ ಧಾರೆ ಶುರುವಾಯಿತು.

ಧಾರೆ ಎಂದರೆ ನೀರು. ಇಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ! ಎರಡೂ ಕಡೆಯ ನೆಂಟರು ಸಾಲುಗಟ್ಟಿ ಬಂದು ಹಾಲು, ನೀರು ಎರೆದರು. ವಧೂವರರ ಕೈಕೆಳಗೆ ಹಿಡಿದಿದ್ದ ತಟ್ಟೆ ತುಂಬಿ ಮಣೆಗೆ ಇಳಿಯಿತು. ಪದರಗಳು ಉಬ್ಬಿದವು. ಅಂಟು ಲೋಳೆಯಾಗಿ ಹೊರಗೆ ಬಂತು. ಒರಗು ಕಳಚಿ, ಹಿಂದೆ ನಿಂತಿದ್ದ ಗಂಡಿನ ಅಪ್ಪನ ಕಾಲ ಮೇಲೆ ಬಿತ್ತು.

"ಧಾರೆ ಒತ್ನಲ್ಲಿ ಮಣೆ ಮುರೀತಲ್ರೀ! ಎಂಥಾ ಅಪಶಕುನ! ಏಳ್ಲಾ ಮಗ, ಓಗಾನ!"

ತಾಳಿ ಇನ್ನೂ ತೆಂಗಿನಕಾಯಿಯ ಮೇಲೇ ಇತ್ತು. ತಂಗಿ ನನ್ನ ಕಡೆ ನೋಡಿದಳು. ಅಷ್ಟು ನಾಚಿಕೆ, ಅಷ್ಟು ಭಯ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅಪ್ಪನ ಮಾತಿಗೆ ಮದುಮಗ ಎದ್ದ. ಅವನ ಪಂಚೆಗೆ ಅಂಟಿದ್ದ ಬೀಟೆಯ ಪದರವೂ ಎದ್ದಿತು. ಪದರದ ಇನ್ನೊಂದು ತುದಿ ಕೆಂಪಿಯ ಸೀರೆಗೆ ಅಂಟಿತ್ತು, ಅವಳೂ ಎದ್ದಳು! ಕೆಂಪಿ ತಲೆ ಬಗ್ಗಿಸಿ ನಗು ತಡೆಯಲು ನೋಡಿದಳು, ಆಗಲಿಲ್ಲ. ಹುಡುಗ ಅವಳ ಮುಖ ನೋಡಿದ. ಮತ್ತೆ ಕೂತ.

"ಓಗಕಾಯ್ತಿಲ್ಲ ಕಣಪ್ಪ. ಇಬ್ರೂ ಒಂದಕ್ಕೇ ಅಂಟ್ಕಂಡಿದ್ದೀವಿ. ತಾಳಿ ಕೊಡಿ."

ವಾಲಗ ಜೋರಾಯಿತು. ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೆಂಡತಿ ಬಿಸಿನೀರು ತಂದು ವಧೂವರರನ್ನು ಹಲಗೆಯಿಂದ ಬಿಡಿಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ನೆಂಟರ ಮದುವೆಗಳಲ್ಲಿ ನನಗೆ ಎಲೆ ಅಡಿಕೆ ಹಂಚುವ ಕೆಲಸವೊಂದೇ. ಅದನ್ನೂ ಜನ ಮೊದಲು ಬೆರಳ ತುದಿಯಲ್ಲಿ ಮುಟ್ಟಿ, ಅಂಟುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತೆಗೆದುಕೊಳ್ಳುತ್ತಾರೆ.