ದೇವರ ಸೇವೆಗೆ ಹೊಸ ವರ್ಷನ್

ಇದನ್ನು ಮೊದಲು ಕಥೆಯ ಹಾಗೆ ಹೇಳಿದವರು ನಮ್ಮ ಈಶ್ವರ ದೇವಸ್ಥಾನದ ಭಟ್ಟರು. ನಾನು ಎಲ್ಲದರೊಳಗೂ ಇದ್ದವನೇ. ಆದರೆ ಅದು ನಗುವ ವಿಷಯ ಎಂದು ತಿಳಿದದ್ದು ಅವರ ಬಾಯಲ್ಲಿ ಕೇಳಿದ ಮೇಲೆ. ಕಂಪ್ಯೂಟರ್ ಬಂದ ಮೇಲೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಹಿಂದೆಯೂ ತಪ್ಪುಗಳಾಗುತ್ತಿದ್ದವು, ಸ್ವಲ್ಪ ನಿಧಾನವಾಗಿ, ಅಷ್ಟೇ.

ಮಾದಾಪುರದಿಂದ ಒಳಗಿರುವ ಈ ದೇವಸ್ಥಾನದ ಸೇವಾ ಕೌಂಟರಿನಲ್ಲಿ ಕೂರುವವನು ನಾನು. ಭಕ್ತರು ಮೊಬೈಲಿನಲ್ಲೇ ಪೂಜೆ ಬುಕ್ ಮಾಡುವ ಹಾಗೆ ಒಂದು ಆ್ಯಪ್ ಬೇಕೆಂದು ಕಮಿಟಿಯಲ್ಲಿ ಹೇಳಿದವನೂ ನಾನೇ. ಅಧ್ಯಕ್ಷರು ಒಪ್ಪಿದರು. ಒಪ್ಪಿ, "ಕಾರ್ತಿಕದ ಮೊದಲ ಸೋಮವಾರ ಎಲ್ಲಾ ಸರಿಯಾಗಿ ನಡೀಬೇಕು. ಆ ದಿನ ಒಂದೇ ಒಂದು ಸೇವೆ ತಪ್ಪಿದರೂ ನೀವು ಕೌಂಟರ್ ಬಿಟ್ಟು ಮನೆಯಲ್ಲಿ ಜಪ ಮಾಡ್ಕೊಂಡು ಇರಿ" ಎಂದರು. ನನಗೆ ಜಪ ಬೇಡವೆಂದಲ್ಲ. ಆದರೆ ಕೌಂಟರಿನ ಕುರ್ಚಿಯಲ್ಲಿ ಕೂತು ಮಾಡುವ ಜಪದ ರುಚಿಯೇ ಬೇರೆ.

೧. ಒಳ್ಳೆಯ ದಿನ

ಕುಶಾಲನಗರದ ಒಂದು ಸಣ್ಣ ಕಂಪನಿಗೆ ಕೆಲಸ ಒಪ್ಪಿಸಿದೆವು. ಅಲ್ಲಿಂದ ಬಂದವಳು ಶಿರಂಗಾಲದ ಹುಡುಗಿ. ಆ್ಯಪ್ ಬರೆಯುವವರು ಬೇರೆ. ಬರೆದದ್ದನ್ನು ಪರೀಕ್ಷೆ ಮಾಡಿಸಿ ಜನರ ಕೈಗೆ ಬಿಡುವುದು ಇವಳ ಕೆಲಸ. ಅದಕ್ಕೆ ರಿಲೀಸ್ ಎನ್ನುತ್ತಾರೆ. ಆ್ಯಪಿಗೆ ಎರಡು ಪ್ರತಿ: ಒಂದು ಪರೀಕ್ಷೆಗೆ, ಒಂದು ನಿಜಕ್ಕೆ.

"ಶುಕ್ರವಾರ ಹತ್ತೂವರೆಗೆ ಬಿಡೋಣ ಅಂದಿದ್ದಾರೆ ಅಣ್ಣಾ" ಎಂದಳು.

"ರಾಹುಕಾಲ ತಾಯಿ" ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೂಡಲೇ ಆಫೀಸಿಗೆ ಫೋನ್ ಮಾಡಿ ಬುಧವಾರಕ್ಕೆ ಹಾಕಿಸಿದಳು.

"ನೀನೂ ಇದನ್ನೆಲ್ಲ ನಂಬ್ತೀಯಾ?"

"ರಾಹುಕಾಲ ನಂಗೊತ್ತಿಲ್ಲ ಅಣ್ಣಾ. ಶುಕ್ರವಾರ ಬಿಟ್ಟದ್ದು ಕೆಟ್ಟರೆ ಶನಿವಾರ ಯಾರೂ ಫೋನ್ ಎತ್ತಲ್ಲ. ಅದಕ್ಕೇ ನಂಗೆ ಶುಕ್ರವಾರ ಪೂರ್ತಿ ಆಗಲ್ಲ."

ನಮ್ಮ ರಾಹು ಒಂದೂವರೆ ಗಂಟೆಯಲ್ಲಿ ತೃಪ್ತನಾಗುತ್ತಾನೆ. ಅವರದು ಇಡೀ ದಿನವನ್ನು ನುಂಗುತ್ತದೆ.

೨. ಒಪ್ಪಿಗೆ

ಬಿಡುವ ಮೊದಲು ಅಧ್ಯಕ್ಷರು ಆ್ಯಪನ್ನು ಪೂರ್ತಿ ನೋಡಿ 'ಒಪ್ಪಿದೆ' ಎಂಬ ಬಟನ್ ಒತ್ತಬೇಕಂತೆ. ಹುಡುಗಿ ಮೊಬೈಲನ್ನು ಅವರ ಮುಂದೆ ಹಿಡಿದಳು. ಅವರು ಕಾಫಿ ಲೋಟವನ್ನೂ ಕೆಳಗಿಡದೆ ಒತ್ತಿದರು.

"ಸರ್, ನೀವಿನ್ನೂ ನೋಡ್ಲೇ ಇಲ್ಲ."

"ನೋಡಿದರೆ ತಪ್ಪು ಕಾಣ್ತದಮ್ಮಾ. ಆಮೇಲೆ ಒಪ್ಪೋದು ಹೇಗೆ?"

೩. ಗೊತ್ತಿರುವ ತಪ್ಪು

ಬುಧವಾರ ಆ್ಯಪ್ ಹೊರಬಂತು. ಗುರುವಾರವೇ ನಾಪೋಕ್ಲುವಿನಿಂದ ಒಬ್ಬ ಅಜ್ಜಿ ಫೋನ್ ಮಾಡಿ, "ನನ್ನ ಮೊಮ್ಮಗಳದು ರೋಹಿಣಿ. ನಿಮ್ಮ ಆ್ಯಪ್ ಅಶ್ವಿನಿ ಅಂತದೆ. ಹೆತ್ತವಳಿಗಿಂತ ಅದಕ್ಕೇ ಹೆಚ್ಚು ಗೊತ್ತೋ?" ಎಂದರು. ನೋಡಿದರೆ, ಯಾರು ಯಾವ ನಕ್ಷತ್ರ ಒತ್ತಿದರೂ ಅಶ್ವಿನಿಯೇ ಬರುತ್ತಿತ್ತು. ಇಡೀ ಕೊಡಗು ಒಂದೇ ನಕ್ಷತ್ರದಲ್ಲಿ ಹುಟ್ಟಿಬಿಟ್ಟಿತ್ತು.

ಹುಡುಗಿಗೆ ಹೇಳಿದೆ. ಅವಳು ಸಮಾಧಾನವಾಗಿ, "ಅದು ನಮಗೆ ಗೊತ್ತಿರೋ ತಪ್ಪೇ ಅಣ್ಣಾ" ಎಂದಳು.

"ಗೊತ್ತಿದ್ದೂ ಬಿಟ್ಟಿರಾ?"

"ಹ್ಞೂಂ. ನಂಬರ್ ಕೊಟ್ಟು ಇಟ್ಟಿದ್ದೀವಿ. ಮುಂದಿನ ರಿಲೀಸಲ್ಲಿ ಸರಿಹೋಗ್ತದೆ."

ಗೊತ್ತಿದ್ದೂ ಮಾಡಿದ ತಪ್ಪಿಗೆ ನಮ್ಮಲ್ಲಿ ಪ್ರಾಯಶ್ಚಿತ್ತ ಮಾಡಿಸುತ್ತಾರೆ. ಅವರಲ್ಲಿ ನಂಬರ್ ಕೊಡುತ್ತಾರೆ.

೪. ಕಾರ್ತಿಕ ಸೋಮವಾರ

ಆ ಮುಂದಿನ ರಿಲೀಸ್ ಬಂದದ್ದು ಕಾರ್ತಿಕ ಸೋಮವಾರದ ಹಿಂದಿನ ದಿನ, ಬೇರೆ ದಾರಿಯಿಲ್ಲದೆ ಭಾನುವಾರವೇ. ನಕ್ಷತ್ರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋದವು. ಜೊತೆಗೆ, ಪರೀಕ್ಷೆಯ ಪ್ರತಿಯಲ್ಲಿ ಕಂಪನಿಯವರು ಸುಮ್ಮನೆ ಮಾಡಿದ್ದ ಒಂದು ಬುಕಿಂಗ್ ಕೂಡ ನಿಜದ ಪ್ರತಿಯೊಳಗೆ ಬಂದು ಕೂತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅದಕ್ಕೆ ನಂಬರೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆ್ಯಪಿನಿಂದ ಬಂದ ಚೀಟಿಗಳನ್ನು ಹರಿವಾಣದಲ್ಲಿಟ್ಟು ಒಳಗೆ ಕಳಿಸಿದೆ. ಅಧ್ಯಕ್ಷರು ಸಂಸಾರ ಸಮೇತ ಮುಂದೆಯೇ ಕೂತಿದ್ದರು. ಹುಡುಗಿ ಲ್ಯಾಪ್‌ಟಾಪ್ ಹಿಡಿದು ಕಂಬದ ಪಕ್ಕ ನಿಂತಿದ್ದಳು. ಭಟ್ಟರು ಸಂಕಲ್ಪ ಶುರುಮಾಡಿದರು. ಮೈಕಿನಲ್ಲಿ ಕೇಳಿಸಿತು: "ಟೆಸ್ಟ್ ಗೋತ್ರೋದ್ಭವಸ್ಯ, ಟೆಸ್ಟ್ ಕುಮಾರ ನಾಮಧೇಯಸ್ಯ..."

ಕುರ್ಚಿ ಬಿಟ್ಟು ಓಡಿದೆ. "ಭಟ್ಟರೇ, ನಿಲ್ಸಿ. ಅಂಥ ಮನುಷ್ಯನೇ ಇಲ್ಲ."

"ಈಗ ಹೇಳ್ತೀರಲ್ಲ. ಈಗಿನವರು ಮಕ್ಕಳಿಗೆ ಏನೇನೋ ಹೆಸರಿಡ್ತಾರೆ. ನಾನು ಕೇಳೋದನ್ನು ಬಿಟ್ಟು ಬಹಳ ಕಾಲ ಆಯ್ತು."

ಹುಡುಗಿ ಮುಂದೆ ಬಂದು, "ರೋಲ್‌ಬ್ಯಾಕ್ ಮಾಡ್ತೀನಿ ಭಟ್ಟರೇ. ನಿನ್ನೆ ಬಿಡೋ ಮುಂಚೆ ಹೇಗಿತ್ತೋ ಹಾಗೆ ಮಾಡಿಬಿಟ್ರೆ ಈ ಬುಕಿಂಗ್ ಆಗೇ ಇಲ್ಲ ಅಂತ ಲೆಕ್ಕ" ಎಂದಳು.

"ನಿಮ್ಮ ಪೆಟ್ಟಿಗೆಯೊಳಗೆ ಆಗಿಲ್ಲಮ್ಮಾ. ಇಲ್ಲಿ ಈಶ್ವರನಿಗೆ ಹೇಳಿ, ನೀರು ಬಿಟ್ಟು ಆಯ್ತಲ್ಲ. ಅವನನ್ನು ನಿನ್ನೆಗೆ ಕಳಿಸೋ ಬಟನ್ ಇದ್ದರೆ ಒತ್ತು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಅಧ್ಯಕ್ಷರು ಎದ್ದು ಬಂದರು. "ಎಷ್ಟು ಸೇವೆ ತಪ್ಪಿತು ರೀ?" ಎಂದು ನನ್ನನ್ನೇ ನೋಡಿದರು. ಉತ್ತರ ಕೊಟ್ಟವರು ಭಟ್ಟರು.

"ಒಂದೂ ತಪ್ಪಿಲ್ಲ. ಒಂದು ಹೆಚ್ಚಾಗಿದೆ."

ಅಧ್ಯಕ್ಷರು ಹೋಗಿ ಮತ್ತೆ ತಮ್ಮ ಜಾಗದಲ್ಲಿ ಕೂತರು. ಹೆಚ್ಚಾದರೆ ಏನು ಎಂದು ಅವರು ಹೇಳಿರಲಿಲ್ಲ. ನನ್ನ ಕುರ್ಚಿ ಉಳಿಯಿತು.

ಅಷ್ಟರಲ್ಲಿ ಭಟ್ಟರು ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, "ಇದು ಬರೀ ಅಭಿಷೇಕ ಅಲ್ಲ ಕಣ್ರೀ, ಶಾಶ್ವತ ಪೂಜೆ" ಎಂದರು. ಅಂದರೆ ದೇವಸ್ಥಾನ ಇರುವವರೆಗೂ ಪ್ರತಿ ವರ್ಷ ಇದೇ ಸೋಮವಾರ ಆ ಹೆಸರಿಗೆ ಪೂಜೆ ನಡೆಯಬೇಕು.

"ಎಲ್ಲಕ್ಕಿಂತ ದೊಡ್ಡ ಸೇವೆ ಅದೇ ಅಲ್ವಾ, ಅದಕ್ಕೇ ಅದನ್ನೇ ಪರೀಕ್ಷೆ ಮಾಡಿದ್ವಿ" ಎಂದಳು ಹುಡುಗಿ, ನೆಲ ನೋಡುತ್ತ.

ದೇವರಿಗೆ ಹೇಳಿದ ಮೇಲೆ ನಡೆಸಲೇಬೇಕು. ನಡೆಸುತ್ತಿದ್ದೇವೆ. ಪ್ರಸಾದ ಕೌಂಟರಿನಲ್ಲಿ ನನ್ನ ಬಳಿಯೇ ಇರುತ್ತದೆ. ಇದನ್ನು ಓದಿದವರು ದಯವಿಟ್ಟು ನಿಮ್ಮ ಕಡೆಯವರಿಗೂ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ. ಟೆಸ್ಟ್ ಗೋತ್ರದವರು ಎಲ್ಲಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಲಿ.