ಬ್ರೇಕು ಹಾಕಿದ್ದು ಯಾರು?

ಆ ಬುಧವಾರ ನೆವಿಲ್ ಆಕ್ರಾಯ್ಡ್ ತನ್ನ ಕಾರನ್ನು ಮುಟ್ಟುವುದೇ ಇಲ್ಲವೆಂದು ತೀರ್ಮಾನಿಸಿದ. ಅವನ ಫಜೀತಿ ಶುರುವಾದದ್ದೇ ಅಲ್ಲಿಂದ.

ಇಪ್ಪತ್ತಾರು ವರ್ಷ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಏರು ಇಳಿಜಾರುಗಳಲ್ಲಿ ಕಾರು ಓಡಿಸಿ ಒಂದು ಬೆಕ್ಕಿನ ಬಾಲಕ್ಕೂ ಚಕ್ರ ತಾಗಿಸದ ಮನುಷ್ಯ ಅವನು. ಇನ್ಶೂರೆನ್ಸ್ ಕಂಪನಿಯಿಂದ ಒಂದು ಪೌಂಡನ್ನೂ ಕೇಳಿದವನಲ್ಲ. ಅಂಥವನ ಕಂತನ್ನು ಕಂಪನಿಯವರು ಈ ಸಲ ಒಂದೂವರೆ ಪಟ್ಟು ಮಾಡಿ ಕೂತರು. ಯಾಕೆಂದು ಕೇಳಿದರೆ, ನಿಮ್ಮ ಏರಿಯಾದವರು ಜಾಸ್ತಿ ಗುದ್ದಿಕೊಳ್ಳುತ್ತಾರೆ ಎಂಬ ಉತ್ತರ. ಗುದ್ದಿದವನಿಗೂ ಅದೇ ಬರೆ, ಗುದ್ದದವನಿಗೂ ಅದೇ ಬರೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೆಂಡತಿ ಮೊರೀನ್ ಒಂದೇ ಮಾತಿನಲ್ಲಿ ಮುಗಿಸಿದಳು. "ಕಂತು ಇಳಿದ್ರೆ ಕಾರು ಇರಲಿ. ಇಳೀದಿದ್ರೆ ಮಾರ್ಬಿಡೋಣ. ಬಸ್ಸು ಬೀದಿ ತುದೀಗೇ ಬರುತ್ತೆ."

ಮೊರೀನ್‌ಗೆ ಅದೊಂದು ಕಾರು, ಅಷ್ಟೆ. ನೆವಿಲ್‌ಗೆ ಹಾಗಲ್ಲ. ಪ್ರತಿ ಶನಿವಾರ ಅವನು ಫ್ಲಾಸ್ಕಿನಲ್ಲಿ ಚಹಾ, ಎರಡು ಮೊಟ್ಟೆ ಸ್ಯಾಂಡ್‌ವಿಚ್ ಕಟ್ಟಿಕೊಂಡು ಊರಾಚೆಯ ಜಲಾಶಯದ ದಂಡೆಗೆ ಹೋಗಿ, ಕಾರಿನಿಂದ ಇಳಿಯದೆ, ಗಾಜಿನ ಮೇಲೆ ಬೀಳುವ ಮಳೆಯನ್ನು ನೋಡುತ್ತ ಕೂರುತ್ತಿದ್ದ. ಯಾರೂ ಮಾತಾಡಿಸುತ್ತಿರಲಿಲ್ಲ. ವಾರವೆಲ್ಲ ಕಾರ್ಪೆಟ್ ಅಂಗಡಿಯಲ್ಲಿ ಗಿರಾಕಿಗಳ ಎದುರು ಹಲ್ಲು ಕಿರಿದು ಬದುಕುತ್ತಿದ್ದುದೇ ಆ ಎರಡು ಗಂಟೆಗಾಗಿ. ಬಸ್ಸಿನಲ್ಲಿ ಹಾಗೆ ಕೂರಲು ಬಿಡುತ್ತಾರೆಯೇ?

ಕಂತು ಇಳಿಸುವ ಉಪಾಯ ಹೇಳಲು ಬೀದಿಯವರೆಲ್ಲ ತಯಾರಾಗಿದ್ದರು. ಕಂಪನಿಯವರು ಕೆಲಸ ಏನೆಂದು ಕೇಳಿದರೆ ಕಾರ್ಪೆಟ್ ಮಾರುವವನು ಅನ್ನಬೇಡ, ನೆಲಹಾಸಿನ ಸಲಹೆಗಾರ ಅನ್ನು ಎಂದರು ಒಬ್ಬರು. ಅಂದ; ಕಂತು ಇನ್ನಷ್ಟು ಏರಿತು. ಗ್ಯಾರೇಜಿನಲ್ಲಿ ನಿಲ್ಲಿಸುತ್ತೇನೆ ಅಂತ ಬರೆಸು ಎಂದರು ಇನ್ನೊಬ್ಬರು. ಅವನ ಗ್ಯಾರೇಜಿನಲ್ಲಿ ಮೊರೀನ್‌ಳ ಕ್ರಿಸ್‌ಮಸ್ ಸಾಮಾನು, ಮುರಿದ ಸೋಫಾ, ಒಂದು ದಿನವೂ ಬಳಸದ ವ್ಯಾಯಾಮದ ಸೈಕಲ್ಲು. ಅಲ್ಲಿ ಕಾರಿರಲಿ, ಮನುಷ್ಯನಿಗೇ ಜಾಗವಿಲ್ಲ.

ಕೊನೆಗೆ ಪಕ್ಕದ ಮನೆಯ ಡೆನಿಸ್ ಸಗ್ಡನ್ ದಾರಿ ತೋರಿಸಿದ. ಕಂಪನಿಯದೇ ಒಂದು ಆ್ಯಪ್ ಇದೆ. ಫೋನಿಗೆ ಹಾಕಿಕೊಂಡರೆ ಅದು ಮೂರು ತಿಂಗಳು ನಮ್ಮ ಓಟವನ್ನು ಗಮನಿಸುತ್ತದೆ. ಜೋರಾಗಿ ಬ್ರೇಕು ಹಾಕಿದರೆ ಅಂಕ ಕಳೆಯುತ್ತದೆ, ನಯವಾಗಿ ಓಡಿಸಿದರೆ ಕೂಡಿಸುತ್ತದೆ. ಅವಧಿ ಮುಗಿದಾಗ ಎಂಬತ್ತು ಅಂಕ ಇದ್ದರೆ ಕಂತು ಹಳೆಯ ಮಟ್ಟಕ್ಕೆ.

ಆ ಬುಧವಾರ ಕೊನೆಯ ದಿನ. ನೆವಿಲ್‌ನ ಅಂಕ ಎಂಬತ್ತೊಂದು. ಒಂದು ಪಾರಿವಾಳ ಅಡ್ಡ ಬಂದರೂ ಎಲ್ಲ ಮುಗಿಯಿತು. ಆದ್ದರಿಂದಲೇ ಕಾರಿನ ಕೀಲಿಯನ್ನು ಮೊರೀನ್‌ಳ ಕೈಗಿಟ್ಟು, "ನಾನು ಬೇಡಿಕೊಂಡರೂ ಕೊಡ್ಬೇಡ" ಎಂದು ಹೇಳಿ ಬಸ್ಸು ಹತ್ತಿದ.

ಆ ಬಸ್ಸಿನ ಚಾಲಕ ಹಿಂದಿನ ಜನ್ಮದಲ್ಲಿ ಯಾರ ಮೇಲೋ ಹಗೆ ಇಟ್ಟುಕೊಂಡು ಹುಟ್ಟಿದವನಂತಿದ್ದ. ಪ್ರತಿ ನಿಲ್ದಾಣದಲ್ಲೂ ಜನ ಮುಂದಿನ ಸೀಟಿಗೆ ಹಣೆ ಬಡಿದುಕೊಳ್ಳುತ್ತಿದ್ದರು. ನೆವಿಲ್ ಒಳಗೊಳಗೇ ನಕ್ಕ. ಇವನಿಗೆ ಆ ಆ್ಯಪ್ ಹಾಕಿದರೆ ಎಷ್ಟು ಅಂಕ ಬಂದೀತು ಅಂದುಕೊಂಡ.

ಎಷ್ಟು ಅಂತ ಅಂಗಡಿ ತಲುಪಿದಾಗ ಗೊತ್ತಾಯಿತು. ಫೋನಿನಲ್ಲಿ ಎಪ್ಪತ್ತೇಳು ಇತ್ತು. ಕೆಳಗೆ, 'ಇಂದು ಬೆಳಿಗ್ಗೆ ನಿಮ್ಮ ಬ್ರೇಕಿನ ಬಳಕೆ ಕಳವಳಕಾರಿ.'

ಕಂಪನಿಗೆ ಫೋನು ಹಚ್ಚಿದ. ಅರ್ಧ ಗಂಟೆ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ನಾನು ಬಸ್ಸಲ್ಲಿದ್ದೆ ಕಣಮ್ಮ. ಹಿಂದುಗಡೆ ಸೀಟಲ್ಲಿ. ಪೇಪರ್ ಓದ್ತಿದ್ದೆ."

"ಆ್ಯಪ್‌ಗೆ ಅದೆಲ್ಲ ತಿಳಿಯಲ್ಲ ಸರ್. ಫೋನು ಹೋದ ಕಡೆ ನೀವು ಓಡಿಸಿದ್ರಿ ಅಂತ್ಲೇ ಲೆಕ್ಕ."

"ಹಾಗಾದ್ರೆ ನಾನು ವಿಮಾನ ಹತ್ತಿದ್ರೆ?"

"ವೇಗಮಿತಿ ಮೀರಿದ್ರಿ ಅಂತ ಬರಬಹುದು ಸರ್."

"ಫೋನು ಆರಿಸಿಟ್ರೆ?"

"ಹತ್ತು ಅಂಕ ಹೋಗುತ್ತೆ ಸರ್. ಮುಚ್ಚಿಡೋಕೆ ನೋಡಿದ್ರಿ ಅಂತ. ನೀವೊಂದು ದೂರು ಮೆಸೇಜ್ ಮಾಡಿ, ಸಂಜೆಯೊಳಗೆ ಪರಿಶೀಲಿಸ್ತಾರೆ."

ಪರಿಶೀಲಿಸುತ್ತಾರಂತೆ. ಇಪ್ಪತ್ತಾರು ವರ್ಷ ದುಡ್ಡು ಎಣಿಸಿಕೊಳ್ಳುವಾಗ ಯಾರೂ ಯಾವುದನ್ನೂ ಪರಿಶೀಲಿಸಿರಲಿಲ್ಲ. ನೆವಿಲ್ ಹಲ್ಲು ಕಚ್ಚಿ ಮೆಸೇಜ್ ಬರೆದ: 'ಬೇರೆಯವರು ಹಾಕಿದ ಬ್ರೇಕಿಗೆ ನಾನು ಜವಾಬ್ದಾರನಲ್ಲ. ಓಡಿಸಿದವರು ಯಾರು ಅಂತ ನೋಡಿ ಅಂಕ ಕೊಡಿ. ನನಗೆ ಬೇಕಾಗಿರುವುದು ದಯೆಯಲ್ಲ, ನ್ಯಾಯ.'

ಬುಧವಾರ ಅಂಗಡಿ ಅರ್ಧ ದಿನ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಡೆನಿಸ್ ತನ್ನ ಕಾರಿನೊಂದಿಗೆ ಹಾಜರಾದ. ನೆವಿಲ್‌ನಿಂದ ಸುದ್ದಿ ತಿಳಿದ ಮೊರೀನ್ ಅವನಿಗೆ ಫೋನು ಮಾಡಿ ಎಲ್ಲ ಹೇಳಿದ್ದಳು.

"ಫೋನು ಹೋದ ಕಡೆ ಲೆಕ್ಕ ಅಂದ್ರಲ್ಲ? ಹಾಗಾದ್ರೆ ನನ್ನ ಜೊತೆ ಬಾ ಮಾರಾಯ. ನನ್ನಷ್ಟು ನಯವಾಗಿ ಓಡಿಸೋನು ಈ ಊರಲ್ಲೇ ಇಲ್ಲ. ಮನೆ ಮುಟ್ಟೋದ್ರೊಳಗೆ ಎಂಬತ್ತು ಮಾಡ್ಕೊಡ್ತೀನಿ."

ನಯವಾಗಿ ಓಡಿಸುತ್ತೇನೆಂದು ತಾನೇ ಹೇಳಿಕೊಳ್ಳುವವರ ಕಾರು ಹತ್ತಬಾರದು. ಮೊದಲ ತಿರುವಿನಲ್ಲೇ ಒಂದು ಬಿಳಿ ವ್ಯಾನು ಡೆನಿಸನಿಗೆ ದಾರಿ ಬಿಡಲಿಲ್ಲ. ಡೆನಿಸನ ಕಿವಿ ಕೆಂಪಾಯಿತು.

"ನೋಡಿದ್ಯಾ ಅವನ ಕೊಬ್ಬು?"

"ಬಿಟ್ಬಿಡು ಡೆನಿಸ್. ಎಪ್ಪತ್ತೇಳಿದೆ."

"ಬಿಡೋದಾ? ಇಂಥೋರನ್ನ ಬಿಟ್ಟಿದ್ದಕ್ಕೇ ನಿನ್ನ ಕಂತು ಏರಿದ್ದು."

ಮಾತು ನಿಜವೇ. ಆದರೆ ಆ ನಿಜವನ್ನು ಸಾಧಿಸಲು ಡೆನಿಸ್ ಎರಡು ಮೈಲಿ ವ್ಯಾನನ್ನು ಅಟ್ಟಿಸಿಕೊಂಡು ಹೋದ. ಅದು ಸಿಗ್ನಲ್ ದಾಟಿಕೊಂಡಿತು, ಇವನು ಕೆಂಪು ದೀಪಕ್ಕೆ ಗಕ್ಕನೆ ನಿಂತ. ಮನೆ ಮುಂದೆ ಇಳಿದಾಗ ಫೋನಿನಲ್ಲಿ ಎಪ್ಪತ್ತೆರಡು.

"ಆ್ಯಪ್ ಸರಿಯಿಲ್ಲ ಬಿಡು," ಎಂದ ಡೆನಿಸ್.

ನೆವಿಲ್‌ಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಹಿಸುಕುತ್ತಿದ್ದನೋ ಏನೋ, ಅಷ್ಟರಲ್ಲಿ ಎದುರು ಮನೆಯ ಮುಂದೆ ನಿಂತಿದ್ದ ಉದ್ದನೆಯ ಕಪ್ಪು ಕಾರು ಕಣ್ಣಿಗೆ ಬಿತ್ತು. ಹೋದ ವಾರ ತೀರಿಕೊಂಡ ವಿಲ್ಫ್ ಹೆಪ್‌ವರ್ತ್‌ನ ಅಂತ್ಯಕ್ರಿಯೆ ಅಂದು. ಬೇಲಿ ಗಿಡದ ಎತ್ತರದ ವಿಷಯಕ್ಕೆ ನೆವಿಲ್‌ಗೂ ವಿಲ್ಫ್‌ಗೂ ವರ್ಷಗಟ್ಟಲೆ ಮಾತಿರಲಿಲ್ಲ. ಮೊರೀನ್ ಮಾತ್ರ ಹೋಗುವುದೆಂದು ಮಾತಾಗಿತ್ತು.

ಶವದ ಕಾರಿನ ಮುಂದೆ ಎತ್ತರದ ಕರಿ ಟೋಪಿ ಹಾಕಿ, ಕೋಲು ಹಿಡಿದ ಮನುಷ್ಯನೊಬ್ಬ ಸಿದ್ಧನಾಗಿದ್ದ. ಬೀದಿ ತುದಿಯವರೆಗೆ ಅವನು ಮುಂದೆ ನಡೆಯುತ್ತಾನೆ, ಕಾರುಗಳು ಅವನ ಹಿಂದೆ ತೆವಳುತ್ತವೆ. ಆಮೇಲೂ ಅಷ್ಟೇ ಗಂಭೀರವಾಗಿ ಊರಾಚೆಯ ಚಿತಾಗಾರದವರೆಗೆ ಸಾಗುತ್ತವೆ. ಯಾವ ಬಿಳಿ ವ್ಯಾನೂ ಅಡ್ಡ ಬರುವುದಿಲ್ಲ. ನೆವಿಲ್‌ನ ತಲೆಯಲ್ಲಿ ದೀಪ ಹತ್ತಿತು. ಓಡಿಹೋಗಿ ಕಪ್ಪು ಕೋಟು ಸಿಕ್ಕಿಸಿಕೊಂಡು ಬಂದು, ವಿಲ್ಫ್‌ನ ಹೆಂಡತಿ ಐವಿಯ ಮುಂದೆ ನಿಂತ.

"ಐವಿ, ನಿಮ್ಮ ಕಾರಲ್ಲಿ ನಂಗೂ ಜಾಗ ಇರುತ್ತಾ? ಅವನ ಹಿಂದೆಯೇ ಬರೋ ಆಸೆ."

ಐವಿಯ ಕಣ್ಣು ತುಂಬಿತು. "ಬಾರಪ್ಪ. ನೀನು ಬರ್ತೀಯ ಅಂತ ಅವರು ಅಂದ್ಕೊಂಡೇ ಇರಲಿಲ್ಲ."

ಶವದ ಕಾರಿನ ಹಿಂದೆ, ಮನೆಯವರ ಕಾರಿನಲ್ಲಿ, ನೆವಿಲ್ ತಲೆ ತಗ್ಗಿಸಿ ಕೂತ. ತೊಡೆಯ ಮೇಲಿನ ಫೋನು ಯಾರಿಗೂ ಕಾಣದಂತೆ ಟೋಪಿ ಅಡ್ಡ ಹಿಡಿದಿದ್ದ. ಎಪ್ಪತ್ತಮೂರು. ಎಪ್ಪತ್ತನಾಲ್ಕು. ಕಾರು ರೇಷ್ಮೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. "ಪಾಪ, ತಲೇನೇ ಎತ್ತುತ್ತಿಲ್ಲ," ಎಂದು ಐವಿಯ ತಂಗಿ ಪಿಸುಗುಟ್ಟಿದಳು. ಚಿತಾಗಾರದ ಗೇಟಿನೊಳಗೆ ತಿರುಗುವಾಗ ಫೋನು ಎಂಬತ್ತು ತೋರಿಸಿತು.

"ದೇವರು ದೊಡ್ಡವನು," ಎಂದ ನೆವಿಲ್.

ಐವಿ ಅವನ ಕೈ ಹಿಡಿದುಕೊಂಡಳು. "ಹೌದು ನೆವಿಲ್. ದೊಡ್ಡವನು."

ಎಲ್ಲ ಮುಗಿದ ಮೇಲೆ ಪಕ್ಕದಲ್ಲೇ ಇದ್ದ ಕ್ಲಬ್ಬಿಗೆ ಜನ ನಡೆದುಕೊಂಡೇ ಹೋದರು. ಅಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ಚು. ನೆವಿಲ್ ಮೂಲೆಯ ಕುರ್ಚಿ ಬಿಟ್ಟು ಏಳಲಿಲ್ಲ. ಎಷ್ಟು ಹೊತ್ತಾದರೂ ಸರಿ, ಯಾವ ಗಾಡಿಯನ್ನೂ ಹತ್ತದೆ ನಡೆದೇ ಮನೆ ಸೇರುವುದೆಂದು ಲೆಕ್ಕ ಹಾಕಿದ್ದ. ಶನಿವಾರದ ಜಲಾಶಯ ಕಣ್ಣಿಗೆ ಕಟ್ಟಿತ್ತು.

ಅಷ್ಟರಲ್ಲಿ ಐವಿ ಹತ್ತಿರ ಬಂದಳು, ಹಿಂದೆ ಮೊರೀನ್. ವಿಲ್ಫ್‌ನ ಕಾರನ್ನು ಐವಿಯ ಭಾವ ಅಲ್ಲಿಗೆ ಓಡಿಸಿಕೊಂಡು ಬಂದಿದ್ದ. ಈಗ ಅವನು ನಾಲ್ಕು ಲೋಟ ಬಿಯರ್ ಇಳಿಸಿ ಹಾಡು ಹೇಳುತ್ತಿದ್ದ.

"ನನ್ನ ಮನೆಗೆ ಬಿಡ್ತೀಯೇನಪ್ಪ? ಆ ಕಾರನ್ನ ಯಾರು ಓಡಿಸಿದ್ರೂ ಇನ್ಶೂರೆನ್ಸ್ ನಡಿಯುತ್ತೆ. ಅವರ ಕಾರು ನಿನ್ನ ಕೈಲಿ ಮನೆ ಸೇರಿದ್ರೆ ನನಗೂ ಸಮಾಧಾನ."

"ಫೋನು ಇಲ್ಲಿ ಯಾರ ಹತ್ರಾನಾದ್ರೂ ಕೊಟ್ಟು ಹೋಗೋಣ, ಬೆಳಿಗ್ಗೆ ತಗೊಂಡ್ರಾಯ್ತು," ಎಂದಳು ಮೊರೀನ್ ಮೆಲ್ಲಗೆ. ಅವಳು ಬುದ್ಧಿವಂತೆ.

ಬೆಳಿಗ್ಗೆಯಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ನೆವಿಲ್‌ಗೆ ಒಟ್ಟಿಗೇ ಏರಿತು. "ಯಾಕೆ ಕೊಡ್ಲಿ? ಇಡೀ ದಿನ ಕಂಡೋರು ಓಡಿಸಿದ್ದನ್ನ ನನ್ನ ತಲೆಗೆ ಕಟ್ಟಿದ್ದಾರೆ. ಈಗ ನಾನು ಓಡಿಸ್ತೀನಿ. ನೋಡಲಿ ಅವರು, ಕಣ್ಣು ಬಿಟ್ಟು ನೋಡಲಿ." ಅಲ್ಲೇ ನಿಂತು ಕಂಪನಿಗೆ ಇನ್ನೊಂದು ಮೆಸೇಜ್ ಕುಟ್ಟಿದ: 'ಇವತ್ತಿನ ಇದುವರೆಗಿನ ಮೂರೂ ಓಟ ನನ್ನವಲ್ಲ. ಈಗ ಹೊರಡುತ್ತಿರುವುದು ಮಾತ್ರ ನನ್ನದು. ನೋಡಿ ಕಲಿಯಿರಿ.'

ವಿಲ್ಫ್‌ನ ಕಾರಿಗೆ ಕ್ಲಚ್ಚಿರಲಿಲ್ಲ. ಗೇರು ತಾನೇ ಬದಲಾಗುವ ಕಾರು ಅದು. ಇಪ್ಪತ್ತಾರು ವರ್ಷ ಎಡಗಾಲಲ್ಲಿ ಕ್ಲಚ್ಚು ತುಳಿದೇ ಏರು ಹತ್ತಿದವನು ನೆವಿಲ್. ಅವನ ತಲೆಗೆ ವಿಷಯ ಗೊತ್ತಾಯಿತು, ಕಾಲಿಗೆ ಗೊತ್ತಾಗಲಿಲ್ಲ. ಮೊದಲ ಏರಿನಲ್ಲಿ ಎಡಗಾಲು ತನ್ನ ಪಾಡಿಗೆ ತಾನು ಕ್ಲಚ್ಚು ಹುಡುಕಿ, ಅಲ್ಲಿದ್ದ ಅಗಲವಾದ ಬ್ರೇಕನ್ನು ಬುಡಮುಟ್ಟ ತುಳಿಯಿತು. ಕಾರು ಮುಗ್ಗರಿಸಿ ನಿಂತಿತು. ಐವಿಯ ಟೋಪಿ ಗಾಜಿಗೆ ಹೋಗಿ ಬಡಿಯಿತು.

"ಎಡಗಾಲು ಸೀಟಿನ ಕೆಳಗೆ ಇಟ್ಕೋ," ಎಂದಳು ಹಿಂದಿನಿಂದ ಮೊರೀನ್.

ಇಟ್ಟುಕೊಂಡ. ಇಳಿಜಾರು ಬಂದ ಕೂಡಲೇ ಅದು ಮತ್ತೆ ಹೊರಗೆ ಬಂತು. ಚರ್ಚಿನ ಮುಂದೆ ಒಮ್ಮೆ, ಮೀನಿನ ಅಂಗಡಿಯ ಮುಂದೆ ಒಮ್ಮೆ, ಬೀದಿಯ ತಿರುವಿನಲ್ಲಿ ಒಮ್ಮೆ. ಹಿಂದೆ ಬರುತ್ತಿದ್ದವರ ಹಾರ್ನ್ ಸದ್ದು ಊರಿಗೆಲ್ಲ ಕೇಳಿಸಿತು. ಮನೆ ಮುಂದೆ ನಿಂತಾಗ ಮೂವರ ಮುಖದಲ್ಲೂ ರಕ್ತವಿರಲಿಲ್ಲ. ಐವಿ ಟೋಪಿ ಸರಿಮಾಡಿಕೊಂಡು, ಥ್ಯಾಂಕ್ಸ್ ಹೇಳಿ, ಬಾಗಿಲು ಹಿಡಿದುಕೊಂಡು ಇಳಿದಳು.

ನೆವಿಲ್ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಫೋನು ಟಣ್ ಅಂದಿತು. ಕಂಪನಿಯ ಮೆಸೇಜು.

'ಪ್ರಿಯ ಶ್ರೀ ಆಕ್ರಾಯ್ಡ್, ನಿಮ್ಮ ದೂರು ನ್ಯಾಯಸಮ್ಮತವಾಗಿದೆ. ಇಂದಿನ ಮೊದಲ ಮೂರು ಪ್ರಯಾಣಗಳಲ್ಲಿ ಓಡಿಸಿದವರು ನೀವಲ್ಲವೆಂದು ಒಪ್ಪಿ ಅವುಗಳನ್ನು ಕೈಬಿಟ್ಟಿದ್ದೇವೆ. ನಿಮ್ಮ ಎಂಬತ್ತೊಂದು ಅಂಕಗಳನ್ನು ಮರಳಿಸಿದ್ದೇವೆ. ನೀವೇ ಖಚಿತಪಡಿಸಿದಂತೆ ನಾಲ್ಕನೆಯ ಪ್ರಯಾಣ ಮಾತ್ರ ನಿಮ್ಮದು. ಅದನ್ನು ಸೇರಿಸಿ ನಿಮ್ಮ ಅಂತಿಮ ಅಂಕ: ಅರವತ್ತು.'

ನೆವಿಲ್ ಎರಡು ಸಲ ಓದಿದ. ಬೈಯಲು ಬಾಯಿ ತೆರೆದ. ಯಾರನ್ನು ಬೈಯಬೇಕೆಂದು ತೋಚಲಿಲ್ಲ.

"ಏನಂತೆ?" ಎಂದಳು ಮೊರೀನ್.

"ಒಪ್ಕೊಂಡ್ರು," ಎಂದ ನೆವಿಲ್. "ನಾನು ಹೇಳಿದ್ದೆಲ್ಲ ಒಪ್ಕೊಂಡ್ರು."